ಜೇಡಿಮಣ್ಣಿನ ನೀರು ಇಳಿಸಿ ನೆಲ ಗಟ್ಟಿ ಮಾಡಿದ್ದು

ಬೋರ್‌ಹೋಲ್ ರಿಪೋರ್ಟ್ ನೋಡಿದರೆ ಮೇಲಿನ 8 ಮೀಟರ್ ಬರೀ ಮೆತ್ತನೆ ಜೇಡಿಮಣ್ಣು. ಸುತ್ತಿಗೆ ಹೊಡೆದು ಮಣ್ಣಿನ ಗಟ್ಟಿತನ ನೋಡುವ ಎಸ್‌ಪಿಟಿ ಪರೀಕ್ಷೆಯ ಎನ್ ವ್ಯಾಲ್ಯೂ, ಅಂದ್ರೆ ಹೊಡೆತಗಳ ಎಣಿಕೆ, ಎಲ್ಲೂ 3 ದಾಟಿಲ್ಲ. ಅದರ ಕೆಳಗೆ ಮರಳು. ಕಟ್ಟಬೇಕಿದ್ದದ್ದು ಗೋದಾಮು, ನೆಲದ ಮೇಲೇ ಚದರ ಮೀಟರಿಗೆ 3 ಟನ್ ಭಾರ. ಕಾಲಂಗಳಿಗೆ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಹಾಕಬಹುದು. ಅಷ್ಟಗಲದ ನೆಲಕ್ಕೆಲ್ಲ ಪೈಲ್ ಅಂದ್ರೆ ಖರ್ಚು ತಡೆಯಲ್ಲ.

ಮಣ್ಣನ್ನು ಅದುರಿಸಿ ಅಡಕ ಮಾಡುವ ವೈಬ್ರೋ ಕಂಪ್ಯಾಕ್ಷನ್ ಮರಳಿಗೆ ಸರಿ, ಜೇಡಿಯಲ್ಲಿ ನಡೆಯಲ್ಲ. ನೆಲದೊಳಗೆ ಜಲ್ಲಿ ತುಂಬಿ ಕಂಬ ಮಾಡುವ ಸ್ಟೋನ್ ಕಾಲಂ ಲೆಕ್ಕವನ್ನೂ ಹಾಕಿದೆವು. ಜಲ್ಲಿಯ ಕಂಬ ನಿಲ್ಲುವುದು ಸುತ್ತಲಿನ ಮಣ್ಣು ಅದನ್ನು ಒತ್ತಿ ಹಿಡಿದಾಗ. ಮಣ್ಣು ಇಷ್ಟು ಸಡಿಲ ಇದ್ದರೆ ಕಂಬ ಮೇಲ್ಭಾಗದಲ್ಲೇ ಉಬ್ಬುತ್ತೆ. ನಮಗೆ ಸಮಯ ಇತ್ತು. ಹಾಗಾಗಿ ಪಿವಿಡಿ ಇಳಿಸಿ ಮೇಲೆ ಮಣ್ಣು ಹೇರುವ ದಾರಿ ಹಿಡಿದೆವು. ಆ ಭಾರಕ್ಕೆ ಜೇಡಿಯ ನೀರು ಹಿಂಡಿ ಹೊರಬಂದಷ್ಟೂ ಅದು ಕುಸಿದು ಗಟ್ಟಿಯಾಗುತ್ತೆ.

ಪಿವಿಡಿ ಅಂದ್ರೆ ನೆಟ್ಟಗೆ ಇಳಿಸುವ, ನೀರಿಗೆ ದಾರಿಯಾಗುವ 100 ಮಿ.ಮೀ. ಅಗಲದ ಪ್ಲಾಸ್ಟಿಕ್ ಪಟ್ಟಿ, ಹೊರಗೆ ಫಿಲ್ಟರ್ ಬಟ್ಟೆ. ಜೇಡಿ ಕುಸಿಯಲು ಹಿಡಿಯುವ ಕಾಲ ನೀರು ಸಾಗಬೇಕಾದ ದೂರದ ವರ್ಗದಂತೆ ಏರುತ್ತೆ ಎಂದು ಮಣ್ಣಿನ ಎಂಜಿನಿಯರ್ ಟೆರ್ಜಾಗಿಯ ಸಿದ್ಧಾಂತ ಹೇಳುತ್ತದೆ. ಮೇಲೆ ನಾವು ಹಾಸುವ ಮರಳು, ಕೆಳಗೆ ಮೊದಲೇ ಇದ್ದ ಮರಳು ಎರಡೂ ಇದ್ದರೂ ನಮ್ಮ ನೀರು 4 ಮೀಟರ್ ಸಾಗಬೇಕಿತ್ತು. 1.2 ಮೀಟರ್ ಅಂತರದಲ್ಲಿ ಪಟ್ಟಿ ಇಳಿಸಿದಾಗ ಅದು ಅಡ್ಡಡ್ಡ ಅರ್ಧ ಮೀಟರ್ ಚಿಲ್ಲರೆ ಹೋದರೆ ಸಾಕು. ವರ್ಷಗಳ ಕೆಲಸ ತಿಂಗಳುಗಳಿಗೆ ಇಳಿಯುವುದು ಇಲ್ಲೇ.

ಮೊದಲು ಮರಳಿನ ಹಾಸು, ಆಮೇಲೆ ಪಟ್ಟಿ ಇಳಿಸುವ ರಿಗ್. ಮ್ಯಾಂಡ್ರೆಲ್ ಅನ್ನುವ ಉಕ್ಕಿನ ಟೊಳ್ಳು ಕೊಳವೆ ಪಟ್ಟಿಯನ್ನು ಒಳಗಿಟ್ಟುಕೊಂಡು ಇಳಿಯುತ್ತೆ, ತುದಿಯ ಚಿಕ್ಕ ತಗಡು ಕೆಳಗೆ ಕಚ್ಚಿಕೊಳ್ಳುತ್ತೆ. ಮ್ಯಾಂಡ್ರೆಲ್ ಮೇಲೆ ಬರುವಾಗ ಕಣ್ಣು ಪಟ್ಟಿಯ ಮೇಲೇ ಇರಬೇಕು. ಅದೂ ಜೊತೆಗೇ ಎದ್ದು ಬಂದರೆ ತಗಡು ಕಚ್ಚಿಲ್ಲ ಅಂತ ಅರ್ಥ, ಪಕ್ಕದಲ್ಲೇ ಇನ್ನೊಂದು ಇಳಿಸಬೇಕು. ಕತ್ತರಿಸುವಾಗ ಮರಳಿನ ಮೇಲೆ ಒಂದು ಗೇಣು ತುದಿ ಬಿಡಿಸುತ್ತಿದ್ದೆ. ಅದು ಜೇಡಿಯಲ್ಲಿ ಹೂತುಹೋದರೆ ನೀರಿಗೆ ದಾರಿ ಎಲ್ಲಿ?

ಮಣ್ಣು ಹೇರಿದ್ದು ಒಟ್ಟು 3 ಮೀಟರ್, ಸುಮಾರು 54 ಕಿಲೋಪಾಸ್ಕಲ್, ಅಂದ್ರೆ ಚದರ ಮೀಟರಿಗೆ ಐದೂವರೆ ಟನ್ ಹತ್ತಿರ. ಗೋದಾಮಿನ ಭಾರಕ್ಕಿಂತ ಬೇಕೆಂದೇ ಜಾಸ್ತಿ. ಆಗ ಕಟ್ಟಡ ಬಂದ ಮೇಲೆ ನಿಧಾನವಾಗಿ ಮುಂದುವರಿಯುವ ಕುಸಿತ ಬಹಳಷ್ಟು ತಗ್ಗುತ್ತೆ. ಒಂದೇ ಸಲ ಪೂರ್ತಿ ಹೇರಿದ್ದರೆ ಅಂಚಿನ ಜೇಡಿ ಪಕ್ಕಕ್ಕೆ ಜಾರುವ ಭಯ, ಅದಕ್ಕೇ ಎರಡು ಹಂತ. ಪೀಜೋಮೀಟರಿನಲ್ಲಿ ನೀರಿನ ಒತ್ತಡ ಇಳಿದದ್ದು ಕಾಣದೆ ಎರಡನೇ ಹಂತದ ಲಾರಿಗಳನ್ನು ಒಳಗೆ ಬಿಡಲಿಲ್ಲ. ಕಂಟ್ರಾಕ್ಟರ್ ಗೊಣಗಿದರು, ಗೊಣಗಲಿ ಬಿಡಿ.

ಮಣ್ಣು ಯಾವಾಗ ತೆಗೆಯುವುದು ಅನ್ನುವುದೇ ನಿಜವಾದ ತಲೆನೋವು. ಸೆಟಲ್‌ಮೆಂಟ್ (ಕುಸಿತದ) ಗ್ರಾಫ್ ಮಟ್ಟಸವಾದಂತೆ ಕಂಡ ಕೂಡಲೇ ಎಲ್ಲರೂ ಅವಸರ ಮಾಡ್ತಾರೆ. ನಾನು ನಂಬುವುದು, ಕೊನೆಗೆ ಒಟ್ಟು ಎಷ್ಟು ಕುಸಿಯುತ್ತೆ ಎಂದು ಅಂದಾಜಿಸುವ 1978ರ ಅಸಾವೋಕ ವಿಧಾನವನ್ನು. ಸಮಾನ ದಿನಗಳ ಅಂತರದಲ್ಲಿ ಕುಸಿತದ ರೀಡಿಂಗ್ ತಗೊಂಡು, ಹಿಂದಿನದನ್ನು ಅಡ್ಡಕ್ಕೆ, ಇವತ್ತಿನದನ್ನು ಉದ್ದಕ್ಕೆ ಗುರುತಿಸಬೇಕು. ಚುಕ್ಕಿಗಳ ಗೆರೆ 45 ಡಿಗ್ರಿ ಗೆರೆಯನ್ನು ಮುಟ್ಟುವಲ್ಲಿ ಕೊನೆಯ ಕುಸಿತ ಸಿಗುತ್ತೆ. ಅದರ ಶೇ. 90 ದಾಟಿದ ಮೇಲೆ ಅಲಗುಗಳನ್ನು ಮಣ್ಣಿನಲ್ಲಿ ತಿರುಗಿಸಿ ಅದರ ಬಲ ಅಳೆಯುವ ವೇನ್ ಶಿಯರ್ ಪರೀಕ್ಷೆ ಮಾಡಿಸಿದೆ. ಅದನ್ನೂ ಎರಡು ಪಟ್ಟಿಗಳ ನಟ್ಟನಡುವೆಯೇ ಮಾಡಿಸಿದ್ದು, ನೀರು ಕೊನೆಗೆ ಇಳಿಯುವುದು ಅಲ್ಲೇ ಅಲ್ವಾ. ಮಣ್ಣಿನ ಬಲ ಮೊದಲಿಗಿಂತ ಸ್ಪಷ್ಟವಾಗಿ ಏರಿತ್ತು. ಆಮೇಲೇ ಹೆಚ್ಚಿನ ಮಣ್ಣು ತೆಗೆಸಿ ನೆಲದ ಕೆಲಸಕ್ಕೆ ಒಪ್ಪಿಗೆ ಕೊಟ್ಟೆ.