ದಲಾಲ, ಅಡತ್, ಮುಖತ್ಯಾರ, ಪಂಚ: ನಡುವಿನವರನ್ನು ಕಾಗದದಲ್ಲಿ ಏನೆಂದು ಬರೆಯಬೇಕು

ಕಲಬುರಗಿ, ಬೀದರ್, ಯಾದಗಿರಿ ಕಡೆ ಇಬ್ಬರ ನಡುವೆ ನಿಂತು ಕೆಲಸ ಮಾಡಿಸುವವರಿಗೆಲ್ಲ ‘ದಲಾಲ’ ಅಥವಾ ‘ಏಜೆಂಟ್’ ಎಂಬ ಒಂದೇ ಹೆಸರು. ಮಾತಿನಲ್ಲಿ ಅದು ನಡೆಯುತ್ತದೆ. ಅರ್ಜಿ, ಕರಾರು, ದೂರು ಬರೆಯುವಾಗ ನಡೆಯುವುದಿಲ್ಲ. ಹೆಸರು ತಪ್ಪಿದರೆ ಹೊಣೆ ಯಾರ ತಲೆಗೆ ಎಂಬುದೂ ತಪ್ಪುತ್ತದೆ. ಅದಕ್ಕೆ ಮೊದಲು ನಾಲ್ಕು ವಿಷಯ ತಿಳಿದುಕೊಳ್ಳಿ. ಆತ ಯಾರ ಪರ? ಮಾಲು ಅಥವಾ ಹಣ ಆತನ ಕೈ ದಾಟಿ ಹೋಗುತ್ತದೆಯೇ? ಆತನಿಗೆ ಕಮಿಷನ್ ಕೊಡುವವರು ಯಾರು? ಆತ ಒಪ್ಪಿಕೊಂಡು ಬಂದ ಮಾತಿಗೆ ನೀವು ಬದ್ಧರೇ?

ಗಂಜ್‌ನಿಂದಲೇ, ಅಂದರೆ ಎಪಿಎಂಸಿ ಮಾರುಕಟ್ಟೆಯಿಂದಲೇ ಶುರು ಮಾಡೋಣ, ಹೆಚ್ಚು ಗೊಂದಲ ಇರುವುದು ಅಲ್ಲೇ. ದಲಾಲ ಎಂದರೆ ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸುವವನು. ಮಾಲು ಅವನ ಬಳಿ ಇಳಿಯುವುದಿಲ್ಲ, ಹಣವೂ ಅವನಲ್ಲಿ ನಿಲ್ಲುವುದಿಲ್ಲ. ಅಡತ್ ಅಂಗಡಿಯವರ ಕೆಲಸ ಬೇರೆ. ನಿಮ್ಮ ತೊಗರಿಯನ್ನು ತಮ್ಮ ಅಂಗಡಿ ಮುಂದೆ ಇಳಿಸಿಕೊಂಡು, ನಿಮ್ಮ ಪರವಾಗಿ ಟೆಂಡರಿಗೆ ಇಟ್ಟು, ತೂಕ ಮಾಡಿಸಿ, ಹಣ ಕೊಡುವವರು ಅವರು. ಆದ್ದರಿಂದ ಹಣ ಬಾರದಿದ್ದಾಗ ಎಪಿಎಂಸಿ ಕಾರ್ಯದರ್ಶಿಗೆ ಕೊಡುವ ದೂರಿನಲ್ಲಿ ‘ದಲಾಲರು ಮೋಸ ಮಾಡಿದರು’ ಎಂದಷ್ಟೇ ಬರೆದರೆ ಸಾಲದು. ಅಡತ್ ಅಂಗಡಿಯ ಹೆಸರು, ಲೈಸೆನ್ಸ್ ಸಂಖ್ಯೆ, ಲಾಟ್ ಸಂಖ್ಯೆ, ತೂಕದ ದಿನಾಂಕ ಬೇಕು. ಮೂರನೆಯವನು ಖರೀದಿದಾರ. ಅವನು ನಡುವಿನವನಲ್ಲ, ಮಾಲು ತನ್ನದಾಗಿಸಿಕೊಳ್ಳುವವನು. ಒಬ್ಬರೇ ಅಡತ್‌ನವರೂ ಖರೀದಿದಾರರೂ ಆಗಿದ್ದರೆ ಎಚ್ಚರ ಬೇಕು. ನಿಮಗೆ ಹೆಚ್ಚು ಬೆಲೆ ಕೊಡಿಸಬೇಕಾದವರೇ ಕಡಿಮೆಗೆ ಕೊಳ್ಳಲು ನೋಡುವವರಾಗುತ್ತಾರೆ.

ಕರ್ನಾಟಕದ ಎಪಿಎಂಸಿ ನಿಯಮದಂತೆ ಅಡತ್ ಕಮಿಷನ್ ಖರೀದಿದಾರನಿಂದ ಬರಬೇಕು, ರೈತನ ಲೆಕ್ಕದಲ್ಲಿ ಕಡಿಯುವಂತಿಲ್ಲ. ಹತ್ತು ಕ್ವಿಂಟಲ್ ತೊಗರಿ 7,000ದಂತೆ ಹೋಯಿತು ಎನ್ನಿ, ಒಟ್ಟು 70,000. ನೂರಕ್ಕೆ ಎರಡರಂತೆ ಕಡಿದರೆ 1,400 ಹೋಯಿತು. ‘ಸೂಟ್’ ಎಂದು ಕ್ವಿಂಟಲಿಗೆ ಒಂದು ಕಿಲೋ ಬಿಟ್ಟರೆ ಇನ್ನೂ 700. ಇಂಥ ಕಡಿತ ಅಂಗಡಿಯವರು ಕೈಯಲ್ಲಿ ಬರೆದುಕೊಡುವ ಬಿಳಿ ಚೀಟಿಯಲ್ಲಿ ಕಾಣುವುದೇ ಇಲ್ಲ, ಕೊನೆಯ ಮೊತ್ತ ಮಾತ್ರ ಇರುತ್ತದೆ. ಬಿಳಿ ಚೀಟಿಗೆ ಒಪ್ಪಬೇಡಿ, ‘ಲೆಕ್ಕ ತೀರುವಳಿ ಪಟ್ಟಿ’ ಎಂದೇ ಹೆಸರು ಹೇಳಿ ಕೇಳಿ. ಹಮಾಲಿ, ತೂಕ, ಚೀಲದ ಬಾಬ್ತು ಅದರಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ಅಡತ್‌ನವರಿಂದ ಬಿತ್ತನೆಗೆ ಮುಂಗಡ ತಂದಿದ್ದರೆ ಅದು ಸಾಲ, ಕಮಿಷನ್ ಅಲ್ಲ. ಎರಡನ್ನೂ ಒಂದೇ ಚೀಟಿಯಲ್ಲಿ ಬೆರೆಸಲು ಬಿಡಬೇಡಿ. ಬೆರೆಸಿದ ಮೇಲೆ ಬಡ್ಡಿ ಎಷ್ಟು, ಕಡಿತ ಎಷ್ಟು ಎಂದು ಬಿಡಿಸಲು ಆಗುವುದಿಲ್ಲ.

ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ (2025-26ಕ್ಕೆ ತೊಗರಿಗೆ ಕ್ವಿಂಟಲಿಗೆ 8,000) ಅಡತ್ ಅಂಗಡಿಗೆ ಪಾತ್ರವೇ ಇಲ್ಲ. ನೋಂದಣಿ ರೈತನ ಫ್ರೂಟ್ಸ್ ಸಂಖ್ಯೆಯ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆಯ ಮೇಲೆ ಆಗುತ್ತದೆ, ಹಣ ಆತನ ಬ್ಯಾಂಕ್ ಖಾತೆಗೇ ಬರುತ್ತದೆ. ‘ನಿನ್ನ ಫ್ರೂಟ್ಸ್ ಕೊಡು, ನನ್ನ ಮಾಲು ಹಾಕ್ತೀನಿ’ ಎನ್ನುವವನು ದಲಾಲನೂ ಅಲ್ಲ, ಅಡತ್‌ನವನೂ ಅಲ್ಲ. ಆ ಮಾಲಿಗೆ ದಾಖಲೆಯಲ್ಲಿ ಉತ್ತರ ಹೇಳಬೇಕಾದವರು ನೀವೇ.

ಕೂಲಿಗೆ ಕರೆದೊಯ್ಯುವವರಲ್ಲೂ ಒಂದು ತೊಡಕಿದೆ. ‘ಮೇಸ್ತ್ರಿ’ ಎಂದರೆ ಗಾರೆ ಕೆಲಸದವನೂ ಹೌದು, ಆಳುಗಳನ್ನು ಕೂಡಿಸಿ ಬೆಂಗಳೂರು, ಪುಣೆಗೆ ಒಯ್ಯುವವನೂ ಹೌದು. ಕಬ್ಬು ಕಡಿಯುವ ಗ್ಯಾಂಗಿನವರು ಅವನನ್ನು ‘ಮುಕಾದಮ್’ ಎನ್ನುತ್ತಾರೆ. ಕೆಲಸ ಕೊಡುವ ‘ಗುತ್ತೇದಾರ’ ಬೇರೆ ಮನುಷ್ಯ. ದೂರಿನಲ್ಲಿ ಇಬ್ಬರ ಹೆಸರೂ ಇರಲಿ. ಮುಂಗಡವನ್ನು ಆಳಿಗೆ ಇಷ್ಟು ಎಂದು ಹೆಸರುವಾರು ಬರೆಸಿ, ಫೋಟೊ ಇಟ್ಟುಕೊಳ್ಳಿ. ಮುಂಗಡ ತೀರುವ ತನಕ ಹೋಗಬಾರದು ಎಂದು ತಡೆಹಿಡಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಬರುವ ವಿಷಯ. ದೂರು ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿಗೆ ಹೋಗಬೇಕು.

ಜಮೀನಿನ ವಿಷಯದಲ್ಲಿ ಭಾರವಾದ ಪದ ‘ಮುಖತ್ಯಾರ’. ನೀವು ಬರೆದುಕೊಟ್ಟ ಮುಖತ್ಯಾರ ಪತ್ರದ, ಅಂದರೆ ಜಿಪಿಎಯ ಬಲದ ಮೇಲೆ ನಿಮ್ಮ ಬದಲಿಗೆ ಸಹಿ ಹಾಕುವವನು ಅವನು. ಪತ್ರದಲ್ಲಿ ಕೊಟ್ಟ ಅಧಿಕಾರದೊಳಗೆ ಅವನು ಒಪ್ಪಿದ್ದಕ್ಕೆ ನೀವು ಬದ್ಧರು. ಪ್ಲಾಟ್ ತೋರಿಸುವ ದಲಾಲನಿಗೆ ಆ ಹಕ್ಕಿಲ್ಲ. ‘ಓಡಾಡಲಿಕ್ಕೆ ಒಂದು ಜಿಪಿಎ ಮಾಡಿಕೊಡಿ’ ಎಂದು ದಲಾಲ ಕೇಳಿದ ಗಳಿಗೆಯಲ್ಲೇ ಅವನ ಪಾತ್ರ ಬದಲಾಯಿತು ಎಂದು ತಿಳಿಯಿರಿ. ಕೊಡಲೇಬೇಕಾದರೆ ಸರ್ವೆ ನಂಬರ್, ಯಾವ ಕೆಲಸ, ಎಷ್ಟು ದಿನ ಎಂಬ ಮೂರನ್ನೂ ಬರೆಸಿ. ‘ಮಾರುವ’, ‘ಹಣ ಪಡೆಯುವ’ ಎಂಬ ಮಾತು ಬೇಡವಾದರೆ ಹೊಡೆದುಹಾಕಿಸಿ. ಜಿಪಿಎ ಮೇಲೆ ಪ್ಲಾಟ್ ‘ಕೊಂಡವರಿಗೂ’ ಒಂದು ಮಾತು: ಅದರಿಂದ ಮಾಲಿಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ.

ಸಾಲದ ಕಾಗದದಲ್ಲಿ ‘ಸುಮ್ಮನೆ ನಡುವೆ ನಿಂತಿದ್ದೆ’ ಎನ್ನುವವರು ಸಹಿಯ ಕೆಳಗಿನ ಪದ ಓದಬೇಕು. ‘ಸಾಕ್ಷಿ’ ಎಂದಿದ್ದರೆ ಸಹಿಯಾದದ್ದನ್ನು ಕಂಡವರು, ಅಷ್ಟೆ. ‘ಜಾಮೀನುದಾರ’ ಎಂದಿದ್ದರೆ, ಕರಾರಿನಲ್ಲಿ ಬೇರೆ ಹೇಳದ ಹೊರತು, ಸಾಲಗಾರನಷ್ಟೇ ಹೊಣೆ. ಸಾಲ ಕೊಟ್ಟವನು ನೇರ ನಿಮ್ಮ ಮನೆಗೇ ಬರಬಹುದು.

ಜಗಳ ಬಿಡಿಸುವವರ ಹೆಸರುಗಳನ್ನು ಪತ್ರಿಕೆಗಳೂ ಬೆರೆಸುತ್ತವೆ, ಆದರೆ ಇಲ್ಲಿನ ವ್ಯತ್ಯಾಸ ದೊಡ್ಡದು. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದ ಮಧ್ಯಸ್ಥಗಾರ ತೀರ್ಪು ಕೊಡುವುದಿಲ್ಲ. ಇಬ್ಬರೂ ಒಪ್ಪಿದರೆ ಒಪ್ಪಂದ, ಇಲ್ಲದಿದ್ದರೆ ಕೇಸು ಹಿಂದಕ್ಕೆ. 1996ರ ಆರ್ಬಿಟ್ರೇಷನ್ ಕಾಯ್ದೆಯಡಿ ನೇಮಕವಾದ ಆರ್ಬಿಟ್ರೇಟರ್ ಮಾತ್ರ ತೀರ್ಮಾನವನ್ನೇ ಕೊಡುತ್ತಾನೆ, ನಿಮಗೆ ಒಪ್ಪಿಗೆ ಇರಲಿ ಬಿಡಲಿ. ಕರಾರಿನಲ್ಲಿ ‘ವ್ಯಾಜ್ಯ ಬಂದರೆ ಮಧ್ಯಸ್ಥರ ಮೂಲಕ’ ಎಂದು ಬರೆಸುವಾಗ ಯಾವುದು ಎಂದು ಬಿಡಿಸಿ ಬರೆಸಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಹಾಗಾಗಿ ಅಲ್ಲಿ ಸಹಿಗೆ ಮೊದಲು ಕಂತು, ದಿನಾಂಕ ಎಲ್ಲ ಮುಗಿಸಿಕೊಳ್ಳಿ. ಕಾನೂನು ಸೇವೆಯ ಸಹಾಯವಾಣಿ 15100.

‘ಪಂಚ’ ಪದಕ್ಕಂತೂ ಎರಡು ಮುಖ. ಊರ ಕಟ್ಟೆಯ ಪಂಚರು ನ್ಯಾಯ ಮಾಡುವವರು. ಪೊಲೀಸ್ ಪಂಚನಾಮೆಯ ಪಂಚರು ಸ್ಥಳದಲ್ಲಿ ಕಂಡದ್ದಕ್ಕೆ ಸಾಕ್ಷಿಗಳು. ರಾಜಿ ಕಾಗದ ಎಂದುಕೊಂಡು ಪಂಚನಾಮೆಗೆ ಸಹಿ ಹಾಕಿದರೆ ಮುಂದೆ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಬೇಕಾಗುತ್ತದೆ. ತಲೆಬರಹ ಓದಿಯೇ ಪೆನ್ನು ಹಿಡಿಯಿರಿ.

ಇನ್ನು ದುಭಾಷಿ. ಬೀದರ್ ಕಡೆ ಒಂದೇ ವ್ಯವಹಾರದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಕೂಡುವುದುಂಟು. ಅವನು ಯಾರ ಪರವೂ ಅಲ್ಲ, ಸಲಹೆ ಕೊಡುವುದೂ ಅವನ ಕೆಲಸವಲ್ಲ, ಆದ್ದರಿಂದ ಎದುರು ಪಕ್ಷದ ದಲಾಲನನ್ನೇ ದುಭಾಷಿ ಮಾಡಿಕೊಳ್ಳಬೇಡಿ. ಓದು ಬಾರದವರು ಹೆಬ್ಬೆಟ್ಟು ಒತ್ತುವ ಕಾಗದದಲ್ಲಿ ಯಾವ ಭಾಷೆಯಲ್ಲಿ ಓದಿ ಹೇಳಲಾಯಿತು, ಓದಿದವರು ಯಾರು ಎಂಬ ಸಾಲು ಸೇರಿಸಿ, ಅದರ ಕೆಳಗೆ ಆ ವ್ಯಕ್ತಿಯ ಸಹಿ ಪಡೆಯಿರಿ.