ದೋಟಿ ಹಿಡಿಯುವವರ ಮೊಣಕೈ ನೋವು: ಭಾರ ಎತ್ತಿಯೇ ಗುಣಪಡಿಸಿಕೊಂಡ ನನ್ನ ಅನುಭವ

ಅರುವತ್ತು ಅಡಿಯ ಕಾರ್ಬನ್ ಫೈಬರ್ ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ನೆಲದಿಂದಲೇ ಅಡಿಕೆಗೆ ಮದ್ದು ಬಿಡುವವರಿಗೆ (ಸಿಂಪಡಿಸುವವರಿಗೆ) ಮೊಣಕೈಯ ಹೊರಬದಿಯ ಎಲುಬಿನಲ್ಲಿ ಹುಟ್ಟುವ ನೋವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ತುಂಬಿದ ಚೊಂಬನ್ನು ಅಂಗೈ ಕೆಳಮುಖವಾಗಿಸಿ ಎತ್ತಲು ಹೋದಾಗ ಹಿಡಿತ ತಾನಾಗಿಯೇ ಸಡಿಲಗೊಂಡರೆ ಬಹುಮಟ್ಟಿಗೆ ಅದೇ ಕಾಯಿಲೆ. ಸಚಿನ್ ತೆಂಡೂಲ್ಕರ್ ಅವರು 2005ರಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ‘ಟೆನಿಸ್ ಎಲ್ಬೋ’, ರಾಕೆಟ್ಟನ್ನೇ ಮುಟ್ಟದ ನನಗೂ ಬಂದಿತ್ತು. ನೋಯುವ ಕೈಗೇ ಭಾರ ಕೊಟ್ಟು ಸರಿಪಡಿಸಿಕೊಳ್ಳುತ್ತೇನೆಂದಾಗ ನಕ್ಕಿದ್ದ ನಮ್ಮೂರಿನ ದೋಟಿ ತಂಡದವರಲ್ಲಿ ಇಬ್ಬರು ಈಗ ಸಂಜೆ ನಮ್ಮ ಜಗಲಿಗೆ ಬಂದು ಅದನ್ನೇ ಕಲಿಯುತ್ತಿದ್ದಾರೆ.

ಅದಕ್ಕಿಂತ ಮೊದಲು ಕಳೆದುಕೊಂಡ ಹಣದ ಲೆಕ್ಕ ಹೇಳಬೇಕು. ತೈಲ, ಮಾಲೀಸು, ಮೊಣಕೈ ಪಟ್ಟಿ, ನೋವಿನ ಮಾತ್ರೆ ಎಲ್ಲ ಸೇರಿ ಏಳೆಂಟು ಸಾವಿರ ಹೋಗಿರಬಹುದು. ಅಡಿಕೆಗೆ ಮೊದಲ ಸುತ್ತಿನ ಮದ್ದು ಬಿಟ್ಟು ಮುಗಿದ ಮೇಲೆ ಕೈಗೆ ಸ್ಟೀರಾಯ್ಡ್ ಚುಚ್ಚುಮದ್ದು ತೆಗೆದುಕೊಂಡೆ. ಒಂದು ತಿಂಗಳು ನೋವೇ ಇರಲಿಲ್ಲ, ಅಡಿಕೆಗೆ ಎರಡನೇ ಸುತ್ತು ಮದ್ದು ಬಿಡುವ ಹೊತ್ತಿಗೆ ಮೊದಲಿಗಿಂತ ಜೋರಾಗಿ ಮರಳಿತು. ಇದು ನನ್ನೊಬ್ಬನ ದುರದೃಷ್ಟವಲ್ಲ: ಚುಚ್ಚುಮದ್ದು ಪಡೆದವರ ಸ್ಥಿತಿ ಒಂದು ವರ್ಷದ ನಂತರ ಪಡೆಯದವರಿಗಿಂತ ಹಿಂದಿತ್ತೆಂದು ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿಯೇ ಪ್ರಕಟಿಸಿದ್ದಾರೆ. ಆಮೇಲೆ ಎರಡು ತಿಂಗಳು ಪೂರ್ತಿ ವಿಶ್ರಾಂತಿ ಕೊಟ್ಟು, ಬಾಡಿಗೆಯ ದೋಟಿಯವರಿಗೆ ಇಪ್ಪತ್ತು ಸಾವಿರದಷ್ಟು ತೆತ್ತೆ. ನೋವು ಇಳಿಯಿತು, ಆದರೆ ನಾಲ್ಕು ತೆಂಗಿನಕಾಯಿ ಸುಲಿದ ದಿನವೇ ಮತ್ತೆ ಎದ್ದಿತು.

ಫಲ ಕೊಟ್ಟ ಕ್ರಮ ಹೀಗಿದೆ. ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಹೊರಗಿರುವಂತೆ, ಅಂಗೈ ಕೆಳಮುಖವಾಗಿ, ಒಂದು ಲೀಟರಿನ ನೀರಿನ ಬಾಟಲಿಯನ್ನು ಅಲ್ಲಾಡಿಸದೆ ಮುಕ್ಕಾಲು ನಿಮಿಷ ಹಿಡಿಯಬೇಕು. ನಡುನಡುವೆ ಬಿಡುವು ಕೊಟ್ಟು ಇದನ್ನು ನಾಲ್ಕೈದು ಸಲ ಮಾಡಬೇಕು. ಎರಡು ಮೂರು ವಾರ ಇಷ್ಟೇ ಮಾಡಿದೆ. ಬಳಿಕ ಎಡಗೈಯ ಸಹಾಯದಿಂದ ಬಾಟಲಿಯನ್ನು ಮೇಲೆತ್ತಿ, ಬಲಗೈಯೊಂದರಿಂದಲೇ ನಾಲ್ಕು ಎಣಿಸುತ್ತ ಕೆಳಗಿಳಿಸುವುದು: ಹದಿನೈದರಂತೆ ಮೂರು ಸರದಿ, ದಿನ ಬಿಟ್ಟು ದಿನ. ಬಾಟಲಿಗೆ ನೀರಿನ ಬದಲು ಮರಳು ತುಂಬಿದರೆ ಭಾರ ತಾನೇ ಏರುತ್ತದೆ. ಅನಂತರ ಸುತ್ತಿಗೆಯ ಹಿಡಿಯ ತುದಿಯನ್ನು ಹಿಡಿದು ಮುಂಗೈಯನ್ನು ಅತ್ತಿತ್ತ ನಿಧಾನವಾಗಿ ಹೊರಳಿಸುವುದನ್ನು ಸೇರಿಸಿದೆ. ಹತ್ತರಲ್ಲಿ ಮೂರರಷ್ಟು ನೋವಾದರೆ ಹೆದರಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಚೊಂಬು ಎತ್ತುವಾಗ ನಿನ್ನೆಗಿಂತ ಹೆಚ್ಚು ನೋಯಿತೆಂದರೆ ಮಾತ್ರ ಭಾರ ಇಳಿಸಬೇಕು. ಈ ಚೊಂಬಿನ ಅಳತೆಯನ್ನು ಕಂಡುಕೊಂಡವನು ನಾನೇ, ಫಿಸಿಯೋಥೆರಪಿಸ್ಟರೂ ಅದನ್ನು ಮೆಚ್ಚಿಕೊಂಡರು.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಹಿಂಡಿ ತಿರುಚುವ ವ್ಯಾಯಾಮದ ರಬ್ಬರ್ ಕೋಲಿನ ಬೆಲೆ ಕೇಳಿ, ಹಳೆಯ ಸ್ಪ್ರೇಯರ್ ಪೈಪಿನ ಒಂದೂವರೆ ಅಡಿ ತುಂಡನ್ನು ತಿರುಚಿ ನೋಡಿದೆ; ಅದು ಕಡ್ಡಿಯಂತೆ ಸೆಟೆದು ನಿಂತಿದ್ದರಿಂದ ಪ್ರಯೋಜನವಾಗಲಿಲ್ಲ, ದಪ್ಪ ಬೈರಾಸವೇ (ಟವೆಲ್ಲೇ) ಮೇಲೆನಿಸಿತು. ಸೊಂಟದ ಬೆಲ್ಟಿಗೆ ಚರ್ಮದ ಚೀಲ ಹೊಲಿಸಿ ದೋಟಿಯ ಬುಡವನ್ನು ಅದರಲ್ಲಿ ಊರಿದಾಗ ಕೈಯ ಭಾರ ಖಂಡಿತ ಇಳಿಯಿತು, ಆದರೆ ಇಳಿಜಾರಿನ ತೋಟದಲ್ಲಿ ಹೆಜ್ಜೆ ತಪ್ಪಿದಾಗ ಕೋಲು ಸರಕ್ಕನೆ ಬಿಡಿಸಿಕೊಳ್ಳದು. ಸಮತಟ್ಟು ಜಾಗದವರು ಪ್ರಯತ್ನಿಸಬಹುದು. ಮೊಣಕೈ ಪಟ್ಟಿಯನ್ನು ನೋಯುವ ಎಲುಬಿನ ಮೇಲಲ್ಲ, ಅದರಿಂದ ಎರಡು ಬೆರಳು ಕೆಳಗೆ ಕಟ್ಟಬೇಕು. ಮದ್ದು ಬಿಡುವ ಹೊತ್ತಿಗಷ್ಟೇ ಅದು ಸಾಕು.

ಪೂರ್ತಿ ಹಗುರಾಗಲು ನಾಲ್ಕು ತಿಂಗಳಾದರೂ ಹಿಡಿಯಿತು, ಖರ್ಚು ಫಿಸಿಯೋಥೆರಪಿಸ್ಟರ ಎರಡು ಮೂರು ಭೇಟಿಯದು ಮಾತ್ರ. ಕಿರುಬೆರಳು ಜೋಮು ಹಿಡಿಯುವವರು ಮತ್ತು ಮೊಣಕೈ ಸಿಕ್ಕಿಕೊಳ್ಳುವವರು ಇದನ್ನು ಮಾಡದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು, ಅದು ಬೇರೆ ತೊಂದರೆಯಿರಬಹುದು. ಈ ಮಳೆಗಾಲದಲ್ಲಿ ಅಡಿಕೆಗೆ ಮೂರೂ ಸುತ್ತಿನ ಮದ್ದನ್ನು ನಾನೇ ಬಿಟ್ಟಿದ್ದೇನೆ. ದೋಟಿಯ ಹಿಡಿತದ ಜಾಗಕ್ಕೆ ನಾನು ಸುತ್ತಿರುವ ವಸ್ತು ಯಾವುದೆಂದು ಹಲವರು ಕೇಳುತ್ತಿದ್ದಾರೆ. ಇನ್ನೊಂದು ಮಳೆಗಾಲ ಅದು ಬಾಳಿಕೆ ಬಂದ ಮೇಲೆಯೇ ತಿಳಿಸುತ್ತೇನೆ.