ಹೋಲ್ಡರಿನಲ್ಲೇ ಉಳಿದ ಒಡಕು ಬಲ್ಬ್ ತೆಗೆಯುವ ಬಗೆ

ಬಲ್ಬ್ ತಿರುಗಿಸುವಾಗ ಗಾಜಿನ ಬುರುಡೆ ಕೈಗೆ ಬಂದು ತಗಡಿನ ಕ್ಯಾಪ್ ಮಾತ್ರ ಹೋಲ್ಡರಿನಲ್ಲೇ ಕಚ್ಚಿಕೊಂಡು ಉಳಿಯಿತೇ? ಕೈ ಇಳಿಸಿ, ಸ್ಟೂಲಿನಿಂದ ನೀವೂ ಇಳಿಯಿರಿ. ಅರ್ಧ ಗಂಟೆ ಕತ್ತಲಲ್ಲಿದ್ದರೆ ಏನೂ ಹಾಳಾಗುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಲಿನ ಹಳ್ಳಿಗಳಲ್ಲಿ ವೈರಿಂಗ್ ಕೆಲಸ ಮಾಡುವವನು ನಾನು. ಈ ಕರೆ ಬರುವುದು ಹೆಚ್ಚಾಗಿ ಬಚ್ಚಲುಮನೆಯಿಂದ, ಕೊಟ್ಟಿಗೆಯಿಂದ, ಅಡಿಕೆ ಸುಲಿಯುವ ಕಾಲದಲ್ಲಿ ಅಂಗಳದಿಂದ. ಗುಂಡು ಬಲ್ಬಿನ ಗಾಜನ್ನು ಕ್ಯಾಪಿಗೆ ಹಿಡಿದಿಡುವುದು ಸಿಮೆಂಟಿನಂಥ ಒಂದು ಅಂಟು. ವರ್ಷಗಟ್ಟಲೆ ಕಾದು ಕಾದು ಅದು ಪುಡಿಯಾಗುತ್ತದೆ. ಬಚ್ಚಲಿನ ಹಬೆಗೆ ಹೋಲ್ಡರಿನೊಳಗೆ ಕಿಲುಬು ಕಟ್ಟುತ್ತದೆ. ಕ್ಯಾಪ್ ಬಿಡುವುದಿಲ್ಲ, ಗಾಜು ಬಿಡುತ್ತದೆ. ಅಂಗಳದಲ್ಲಿ ಇನ್ನೊಂದು ಕಥೆ: ಕಾದ ಬುರುಡೆಯ ಮೇಲೆ ತಣ್ಣನೆಯ ಒಂದು ಹನಿ ಬಿದ್ದರೂ ಸಾಕು, ಟಪ್ಪೆಂದು ಒಡೆಯುತ್ತದೆ.

ಎಲ್ಲರೂ ಹೆದರುವುದು ಗಾಜಿಗೆ. ಗಾಜು ಕೊಯ್ದರೆ ಅರಿಶಿನ ಒತ್ತಿಯೋ ಹೊಲಿಗೆ ಹಾಕಿಸಿಯೋ ಬದುಕಬಹುದು. ಒಡೆದ ಬಲ್ಬಿನೊಳಗಿಂದ ಮೀಸೆಯಂತೆ ಚಾಚಿಕೊಂಡಿರುವ ಎರಡು ತಂತಿಗಳಿವೆಯಲ್ಲ, ನನಗೆ ಭಯ ಅವುಗಳದ್ದೇ. ಫಿಲಮೆಂಟ್ ತುಂಡಾಗಿದ್ದರೂ ಅಲ್ಲಿಯವರೆಗೆ 230 ವೋಲ್ಟ್ ಬಂದು ನಿಂತಿರಬಹುದು.

"ಸ್ವಿಚ್ ಆಫ್ ಮಾಡಿದೀನಿ ಮಾರಾಯಾ, ಇನ್ನೇನು?" ಅನ್ನುವವರಿಗೆ ನನ್ನ ಉತ್ತರ ಒಂದೇ: ಗೋಡೆಯ ಸ್ವಿಚ್ಚನ್ನು ನಂಬಬೇಡಿ. ಸ್ವಿಚ್ ಕಡಿಯಬೇಕಾದ್ದು ಕರೆಂಟು ತರುವ ಫೇಸ್ ತಂತಿಯನ್ನು. ಹಳೆ ಮನೆಗಳಲ್ಲಿ, ಆಮೇಲಾಮೇಲೆ ಯಾರ್ಯಾರೋ ಸೇರಿಸಿದ ಪಾಯಿಂಟುಗಳಲ್ಲಿ, ಎಷ್ಟೋ ಕಡೆ ಅದು ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿರುತ್ತದೆ. ಆಗಲೂ ಬಲ್ಬ್ ಆರುತ್ತದೆ, ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಹೋಲ್ಡರಿನಲ್ಲಿ ಫೇಸ್ ಹಾಗೆಯೇ ಕೂತಿರುತ್ತದೆ.

ಹಾಗಾಗಿ ಮೇನ್ ಆಫ್ ಮಾಡಿ. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇದ್ದರೆ ಮೇನ್ ಎಂಸಿಬಿ, ಹಳೆಯ ಕಬ್ಬಿಣದ ಪೆಟ್ಟಿಗೆಯಾದರೆ ಹಿಡಿ ಕೆಳಗೆ. ಇನ್ವರ್ಟರ್ ಇರುವ ಮನೆಯಲ್ಲಿ ಅಷ್ಟಕ್ಕೇ ನಿಲ್ಲಿಸಿದರೆ ಕೆಟ್ಟಿರಿ. ಮೇನ್ ತೆಗೆದ ಮರುಕ್ಷಣವೇ ಅದು ಬ್ಯಾಟರಿಯಿಂದ ಅದೇ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಅದನ್ನೂ ಆಫ್ ಮಾಡಿ. ಕೊಟ್ಟಿಗೆಯ ಬಲ್ಬಾದರೆ ಲೈನ್ ಎಲ್ಲಿಂದ ಬಂದಿದೆ ಎಂದು ಕಣ್ಣಿನಿಂದ ಹಿಂಬಾಲಿಸಿ ನೋಡಿ. ಮನೆಯ ಮೇನ್ ತೆಗೆದರೂ ಪಂಪ್ ಶೆಡ್ಡಿನಿಂದ ಎಳೆದ ವೈರಿನಲ್ಲಿ ಕರೆಂಟು ಇರುತ್ತದೆ. ಮೇನ್ ಹತ್ತಿರ ಮನೆಯವರಲ್ಲಿ ಒಬ್ಬರನ್ನು ನಿಲ್ಲಿಸಿ. ಇಲ್ಲವಾದರೆ "ಕರೆಂಟು ಯಾಕೆ ಹೋಯ್ತು?" ಎನ್ನುತ್ತಾ ಯಾರಾದರೂ ಹೋಗಿ ಹಾಕಿಬಿಡುತ್ತಾರೆ.

ಇನ್ನು, ಕರೆಂಟು ಹೋದಾಗ ತೆಗೆದುಬಿಡುವ ಜಾಣರಿದ್ದಾರೆ. ಹೋದ ಕರೆಂಟು ನಿಮಗೆ ಹೇಳಿ ವಾಪಸ್ ಬರುವುದಿಲ್ಲ. ಆಗಲೂ ಮೇನ್ ಆಫ್ ಆಗಿರಲೇಬೇಕು. ಮನೆಯಲ್ಲಿ ಆರ್‌ಸಿಸಿಬಿ ಎಂಬ ರಕ್ಷಣೆಯ ಸ್ವಿಚ್ ಇದೆ, ಶಾಕ್ ಹೊಡೆದರೆ ತಾನೇ ಬೀಳುತ್ತದೆ ಎಂಬ ಧೈರ್ಯವೂ ಇಲ್ಲಿ ಪೂರ್ತಿ ಸಲ್ಲದು. ಅದು ಬೀಳುವುದು ಕರೆಂಟು ಭೂಮಿಗೆ ಸೋರಿದಾಗ. ಒಡೆದ ಬಲ್ಬಿನ ಎರಡೂ ತಂತಿ ಒಟ್ಟಿಗೆ ಬೆರಳಿಗೆ ತಗುಲಿದರೆ ಅದಕ್ಕೆ ನೀವೂ ಒಂದು ಬಲ್ಬೇ.

ಮೇನ್ ತೆಗೆಯುವ ಮೊದಲೇ ಟೆಸ್ಟರನ್ನು ಕರೆಂಟಿರುವ ಪ್ಲಗ್ಗಿಗೆ ಹಾಕಿ, ಅದರ ದೀಪ ಹತ್ತುತ್ತದೆಯೇ ನೋಡಿಕೊಳ್ಳಿ. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ 'ಕರೆಂಟಿಲ್ಲ' ಎಂದೇ ಹೇಳುತ್ತದೆ. ಮೇನ್ ತೆಗೆದ ಮೇಲೆ ಎರಡೂ ತಂತಿಗೆ, ಕ್ಯಾಪಿನ ಅಂಚಿಗೆ ಮುಟ್ಟಿಸಿ. ಗೋಡೆಯ ಸ್ವಿಚ್ಚನ್ನು ಒಮ್ಮೆ ಆನ್, ಒಮ್ಮೆ ಆಫ್ ಮಾಡಿಸಿ ಎರಡು ಸಲವೂ ನೋಡಿ. ಒಣ ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಟೆಸ್ಟರಿನ ದೀಪ ಮಂಕಾಗಿ ಹತ್ತುತ್ತದೆ, ಬಿಸಿಲಿನಲ್ಲಿ ಕಾಣುವುದೇ ಕಷ್ಟ. ಅಂಗೈಯಿಂದ ಮರೆಮಾಡಿ ನೋಡಿ.

ಇಷ್ಟಾಯಿತೆಂದರೆ ಉಳಿದದ್ದು ಕೈಕೆಲಸ. ಕೆಳಗೆ ಪೇಪರ್ ಹಾಸಿ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಬಟ್ಟೆಯ ಅಥವಾ ಚರ್ಮದ ಗ್ಲೌಸ್. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಗಾಜು ಸುಲಭವಾಗಿ ಸೀಳುತ್ತದೆ. ಮುಖ ಹೋಲ್ಡರಿನ ನೇರ ಕೆಳಗೆ ಇರಬಾರದು. ಉಳಿದ ಗಾಜಿನ ಚೂಪುಗಳನ್ನು ಪ್ಲೈಯರಿನಿಂದ ಮುರಿದು ಪೇಪರಿನ ಮೇಲೆ ಬೀಳಿಸಿ.

ನಮ್ಮಲ್ಲಿ ಹೆಚ್ಚಾಗಿ ಇರುವುದು ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸುವ ಪಿನ್ ಹೋಲ್ಡರ್. ನೋಸ್ ಪ್ಲೈಯರಿನಿಂದ ಕ್ಯಾಪಿನ ಅಂಚು ಹಿಡಿದು, ಮೊದಲು ಮೇಲಕ್ಕೆ ಒತ್ತಿ. ಒಳಗಿನ ಸ್ಪ್ರಿಂಗ್ ಕುಗ್ಗಿದ್ದು ಕೈಗೆ ತಿಳಿಯುತ್ತದೆ. ಒತ್ತಿದ ಹಾಗೆಯೇ, ಕೆಳಗಿನಿಂದ ನೋಡಿದಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸ್ವಲ್ಪ ತಿರುಗಿಸಿ, ಕೆಳಗೆ ಬಿಡಿ. ಒತ್ತದೆ ತಿರುಗಿಸಿದರೆ ಕ್ಯಾಪ್ ನುಗ್ಗಾಗುತ್ತದೆಯೇ ಹೊರತು ಬರುವುದಿಲ್ಲ. ಅಂಚು ಸಿಗದಿದ್ದರೆ ಪ್ಲೈಯರಿನ ಮೂತಿ ಮುಚ್ಚಿ ಕ್ಯಾಪಿನೊಳಗೆ ತೂರಿಸಿ, ಹಿಡಿ ಅಗಲಿಸಿ ಒಳಗೋಡೆಗೆ ಬಿಗಿಮಾಡಿ, ಹಾಗೆಯೇ ಒತ್ತಿ ತಿರುಗಿಸಿ. ವೈರಿನಿಂದ ನೇತಾಡುವ ಹೋಲ್ಡರಾದರೆ ಇನ್ನೊಂದು ಕೈಯಿಂದ ಹೋಲ್ಡರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ವೈರ್ ತಿರುಚಿ ಹಳೆ ಇನ್ಸುಲೇಶನ್ ಉದುರುತ್ತದೆ. ತಿರುಪಿನಂತೆ ಸುತ್ತಿ ಹಾಕುವ ಥ್ರೆಡ್ ಹೋಲ್ಡರಿಗೆ ಒತ್ತುವ ಕೆಲಸವಿಲ್ಲ, ಅದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಬಂದೀತು.

ಆಲೂಗಡ್ಡೆ ಅರ್ಧ ಕತ್ತರಿಸಿ ಚುಚ್ಚಿ ತಿರುಗಿಸುವ ವಿಡಿಯೊ ನೀವೂ ನೋಡಿರಬಹುದು. ಅದು ಥ್ರೆಡ್ ಬಲ್ಬಿನ ದೇಶಗಳ ಉಪಾಯ. ಪಿನ್ ಹೋಲ್ಡರಿನಲ್ಲಿ ಸ್ಪ್ರಿಂಗಿಗೆ ಎದುರಾಗಿ ಒತ್ತುವಾಗ ಆಲೂಗಡ್ಡೆ ಹಿಸುಕಿ, ನೀರು, ಹಿಟ್ಟು ಎಲ್ಲ ಹೋಲ್ಡರಿನೊಳಗೆ ಇಳಿಯುತ್ತದೆ. ಪಲ್ಯಕ್ಕೆ ಇಟ್ಟುಕೊಳ್ಳಿ.

ಒಡೆದದ್ದು ಬಾಗಿದ ಟ್ಯೂಬಿನ ಸಿಎಫ್‌ಎಲ್ ಬಲ್ಬ್ ಆದರೆ ಕ್ರಮ ಬೇರೆ. ಅದರೊಳಗೆ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ. ಕಿಟಕಿ ತೆರೆದು, ಫ್ಯಾನ್ ನಿಲ್ಲಿಸಿ, ಮಕ್ಕಳನ್ನು ಕರೆದುಕೊಂಡು ಹತ್ತು ಹದಿನೈದು ನಿಮಿಷ ಹೊರಗಿರಿ. ಪೊರಕೆಯಿಂದ ಗುಡಿಸಬೇಡಿ, ಪುಡಿ ಹರಡುತ್ತದೆ. ರಟ್ಟಿನಿಂದ ಕೆರೆದು, ಉಳಿದದ್ದನ್ನು ಒದ್ದೆ ಪೇಪರಿನಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ ಇ-ತ್ಯಾಜ್ಯ ಪಡೆಯುವಲ್ಲಿ ಕೊಡಿ. ಎಲ್‌ಇಡಿಯಲ್ಲಿ ಪಾದರಸವಿಲ್ಲ, ಮೇಲಿನ ಗುಮ್ಮಟವೂ ಹೆಚ್ಚಾಗಿ ಪ್ಲಾಸ್ಟಿಕ್. ಆದರೆ ಗುಮ್ಮಟ ಕಳಚಿದ ಎಲ್‌ಇಡಿ ಉರಿಯುತ್ತಿದೆ ಎಂದು ಹಾಗೆಯೇ ಬಿಡಬೇಡಿ. ಅಗ್ಗದ ಬಲ್ಬುಗಳಲ್ಲಿ ಆ ಬಿಳಿ ಪ್ಲೇಟಿನ ಮೇಲಿನ ಬೆಸುಗೆಗಳಿಗೆ ಮೇನ್ ಲೈನಿನ ಕರೆಂಟೇ ತಗುಲಿಕೊಂಡಿರಬಹುದು.

ಗುಂಡು ಬಲ್ಬಿನ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ 'ಒಡೆದ ಗಾಜು' ಎಂದು ಬರೆದು ಕಸದವರ ಕೈಗೇ ಕೊಡಿ. ಅವರು ಚೀಲಕ್ಕೆ ಬರಿಗೈ ಹಾಕುತ್ತಾರೆ.

ಕ್ಯಾಪ್ ಬಂದ ಮೇಲೆ ಹೋಲ್ಡರಿನೊಳಗೆ ಟಾರ್ಚ್ ಬಿಟ್ಟು ನೋಡಿ. ಎರಡೂ ಪಿನ್ ಒತ್ತಿದರೆ ಪುಟಿಯಬೇಕು. ಒಂದು ಒಳಗೇ ಕೂತಿದ್ದರೆ, ಸುಟ್ಟು ಕಪ್ಪಾಗಿದ್ದರೆ, ಬೇಕಲೈಟ್ ಬಿರುಕು ಬಿಟ್ಟಿದ್ದರೆ ಹೊಸ ಬಲ್ಬ್ ಹಾಕಬೇಡಿ, ಹೋಲ್ಡರನ್ನೇ ಬದಲಿಸಿ. ಎಷ್ಟು ಒತ್ತಿದರೂ ಕ್ಯಾಪ್ ಬಾರದಿದ್ದಾಗಲೂ ಅದೇ ದಾರಿ. ಹೋಲ್ಡರಿನ ಬೆಲೆ ಹೆಚ್ಚಲ್ಲ. ಬದಲಿಸಲು ಬಂದವರಿಗೆ ಸ್ವಿಚ್ ಕಡಿಯುತ್ತಿರುವುದು ಫೇಸನ್ನೋ ನ್ಯೂಟ್ರಲ್ಲನ್ನೋ ನೋಡಲು ಹೇಳಿ. ಅದಲುಬದಲಾಗಿದ್ದರೆ ಅದೇ ಹೊತ್ತಿನಲ್ಲಿ ಸರಿಮಾಡಿಸಿಕೊಳ್ಳಿ.